ಯಾವ ಇಲಿಯ ಮೇಲೆ?

“ಇಲಿಗಳ ಮೇಲೆ ಪರೀಕ್ಷಿಸಿದ್ದೇವೆ, ಭಯವಿಲ್ಲ” ಎನ್ನುವವರನ್ನು ನಾವು ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಾವ ಇಲಿ?

1999ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಿಮ್ಮಿ ಸ್ಪಿಯರೋ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಗತಿ ಹೊರಗಿಟ್ಟರು. ಎಳೆಯ ಗಂಡಿಲಿಗಳಿಗೆ ಈಸ್ಟ್ರೋಜನ್ ಕೊಟ್ಟಾಗ, ಬಿ6 ಎಂಬ ತಳಿಯಲ್ಲಿ ಅತ್ಯಲ್ಪ ಪ್ರಮಾಣಕ್ಕೇ ವೀರ್ಯಾಣುಗಳ ಬೆಳವಣಿಗೆ ನಿಂತುಹೋಯಿತು. ಸಿಡಿ-1 ತಳಿಗೆ 16 ಪಟ್ಟು ಕೊಟ್ಟರೂ ಬಾಧೆ ಅಷ್ಟಾಗಿ ಕಾಣಲಿಲ್ಲ. ವ್ಯತ್ಯಾಸ ವಂಶವಾಹಿಯದು. ಹೆಚ್ಚು ಮರಿ ಹಾಕಲೆಂದು ಆಯ್ದು ಬೆಳೆಸಿದ ಈ ಗಟ್ಟಿ ತಳಿಯೇ ಸುರಕ್ಷತಾ ಪರೀಕ್ಷೆಗಳಲ್ಲಿ ಬಹಳವಾಗಿ ಬಳಕೆಯಾಗುತ್ತಿತ್ತು! ಖಾರ ಅರಗಿಸಿಕೊಂಡವನ ಹೊಟ್ಟೆ ನೋಡಿ ಬಾಣಂತಿಗೆ ಬಡಿಸಿದಂತಲ್ಲವೇ ಇದು?

ಗಂಡಿಲಿಯ ಕಥೆ ನಮಗೇಕೆ ಎನ್ನಬೇಡಿ. ಈಸ್ಟ್ರೋಜನ್ನಿನಂತೆ ವರ್ತಿಸುವ ರಾಸಾಯನಿಕಗಳು ಕೆಲವು ಪ್ಲಾಸ್ಟಿಕ್‌ಗಳಲ್ಲಿ, ಕೀಟನಾಶಕಗಳಲ್ಲಿ ಇವೆ. ಅವು ನಮ್ಮ ಅಡುಗೆಮನೆಯ ದಾರಿಯಲ್ಲೇ ಮಕ್ಕಳ ಹೊಟ್ಟೆ ಸೇರುತ್ತವೆ. ಒಡಹುಟ್ಟಿದ ಅಕ್ಕತಂಗಿಯರಿಗೇ ಒಂದೇ ಮಾತ್ರೆ ಒಂದೇ ಬಗೆಯಲ್ಲಿ ಒಗ್ಗುವುದಿಲ್ಲ. ಹಾಗಿರುವಾಗ ಗಟ್ಟಿ ಜೀವವೊಂದು ತಾಳಿಕೊಂಡಿತೆಂದು ಎಲ್ಲರಿಗೂ ಅಭಯ ನೀಡುವುದು ವಿಜ್ಞಾನವಲ್ಲ, ಅನುಕೂಲಶಾಸ್ತ್ರ.

ಸೂಕ್ಷ್ಮ ತಳಿಗಳ ಮೇಲೂ ಪರೀಕ್ಷೆ ನಡೆಯಲಿ. ಫಲಿತಾಂಶದ ಪಕ್ಕದಲ್ಲಿ ತಳಿಯ ಹೆಸರಿರಲಿ. ಸುರಕ್ಷತೆಯ ಅಳತೆಗೋಲು ನಮ್ಮಲ್ಲಿ ಅತಿ ಮೆತ್ತಗಿನವರಾಗಬೇಕು, ಅತಿ ಗಟ್ಟಿಯವರಲ್ಲ.