ಕಲನಶಾಸ್ತ್ರಕ್ಕೆ ಕನ್ನಡದ ಮೆಟ್ಟಿಲು

ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದ ಮಕ್ಕಳು ಸೊಲ್ಲಾಪುರದ ಇಂಜಿನಿಯರಿಂಗ್ ಕಾಲೇಜು ಸೇರಿದರೆ ಅವಕಲನವನ್ನು ಇಂಗ್ಲಿಷಿನಲ್ಲೇ ಎದುರಿಸಬೇಕು. ಕಾಸರಗೋಡಿನ ನಮ್ಮ ಮಕ್ಕಳ ಪಾಡೂ ಬೇರೆಯಲ್ಲ. ಸೂತ್ರ ಬಾಯಿಪಾಠವಾಗುತ್ತದೆ, ಅರ್ಥ ಹೊರಗುಳಿಯುತ್ತದೆ.

ಅರ್ಥವಾದರೋ ಕಠಿಣವಲ್ಲ. ಆ ಎರಡು ಊರುಗಳ ನಡುವಿನ ಸುಮಾರು 40 ಕಿಲೋಮೀಟರನ್ನು ಬಸ್ಸು ಒಂದು ಗಂಟೆಯಲ್ಲಿ ಕ್ರಮಿಸಿದರೆ ಸರಾಸರಿ ವೇಗ 40. ಆದರೆ ತಿರುವಿನಲ್ಲಿ ವೇಗಮಾಪಕದ ಮುಳ್ಳು 20 ತೋರಿಸೀತು. ಕಾಲಾವಧಿಯನ್ನು ಕಿರಿದುಗೊಳಿಸುತ್ತ ಹೋದಂತೆ ಸರಾಸರಿ ಯಾವ ಬೆಲೆಯನ್ನು ಸಮೀಪಿಸುವುದೋ ಅದೇ ಆ ಕ್ಷಣದ ವೇಗ. ಅವಕಲನದ ತಿರುಳೂ ಅದೇ.

ಇಂಜಿನಿಯರಿಂಗನ್ನು ಕನ್ನಡದಲ್ಲೂ ಬೋಧಿಸಲು 2021ರಲ್ಲೇ ಎಐಸಿಟಿಇ ಅನುಮತಿಸಿದೆ. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ. ಮೊದಲ ತಿಂಗಳಾದರೂ ತಾಯ್ನುಡಿಯಲ್ಲಿ ಪೂರಕ ತರಗತಿ ನಡೆಯಲಿ ಎಂಬುದು ನಮ್ಮ ಆಗ್ರಹ. ಸಂಬಂಧಪಟ್ಟವರು ಗಮನಿಸುವರೇ?