ಟೀಚರ್ ಯಾಕೆ ಬಿಟ್ಟು ಹೋದರು?

ಜೂನ್ ಬಂತೆಂದರೆ ನಂಜನಗೂಡು, ತಿ. ನರಸೀಪುರ ಕಡೆಯ ಎಷ್ಟೋ ಖಾಸಗಿ ಶಾಲೆಗಳಲ್ಲಿ ಹೊಸ ಪುಸ್ತಕದ ಜೊತೆ ಹೊಸ ಟೀಚರೂ ಬರುತ್ತಾರೆ. ಹೋದ ವರ್ಷದವರು ಎಲ್ಲಿ ಅಂತ ಮಕ್ಕಳು ಕೇಳಿದರೆ ಉತ್ತರವಿಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಇಲ್ಲಿ ನೆಲೆಸಿದ ನಮ್ಮವರ ಮನೆಗಳಿಗೂ, ಊರಲ್ಲಿ ಸ್ವಂತ ಶಾಲೆ ನಡೆಸುವ ಜಮಾಅತ್‌ಗಳಿಗೂ ಈ ಪ್ರಶ್ನೆ ಸಂಬಂಧಿಸಿದ್ದೇ.

ಆಡಳಿತ ಮಂಡಳಿಯವರ ಉತ್ತರ ಸಿದ್ಧವಿರುತ್ತದೆ: 'ಮೈಸೂರಿನಲ್ಲಿ ಸಂಬಳ ಜಾಸ್ತಿ, ಹೋದರು.' ಸುಳ್ಳಲ್ಲ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ. ಅಷ್ಟೇ. ಆದರೆ ಅದೇ ರಸ್ತೆಯಲ್ಲಿ ಅಷ್ಟೇ ಸಂಬಳದ ಇನ್ನೊಂದು ಶಾಲೆಯಲ್ಲಿ ಟೀಚರ್‌ಗಳು ಹತ್ತು ವರ್ಷ ನಿಲ್ಲುತ್ತಾರಾದರೆ, ಕಾರಣ ಸಂಬಳವೊಂದೇ ಅಲ್ಲ. ಅಮೆರಿಕದ ಸಂಶೋಧಕ ರಿಚರ್ಡ್ ಇಂಗರ್‌ಸಾಲ್ 2001ರಲ್ಲೇ ಇದನ್ನು ತೋರಿಸಿದ್ದರು. ಕಡಿಮೆ ಸಂಬಳದ ಜೊತೆಗೆ ಆಡಳಿತದ ಬೆಂಬಲ ಇಲ್ಲದಿರುವುದು, ತೀರ್ಮಾನಗಳಲ್ಲಿ ತಮ್ಮ ಮಾತಿಗೆ ಬೆಲೆ ಇಲ್ಲದಿರುವುದು ಶಿಕ್ಷಕರನ್ನು ಹೊರಗೆ ದೂಡುತ್ತವೆ.

ನಮ್ಮಲ್ಲಿ ಅದು ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್, ಮೇ ಸಂಬಳವಿಲ್ಲ. ರಜೆಯಲ್ಲಿ ಮನೆಮನೆ ಸುತ್ತಿ ಅಡ್ಮಿಷನ್ ತರಬೇಕು. ಮುಖ್ಯೋಪಾಧ್ಯಾಯರು ಒಂದು ಹೇಳಿದರೆ ಕಮಿಟಿಯ ಸದಸ್ಯರೊಬ್ಬರು ಇನ್ನೊಂದು ಹೇಳುತ್ತಾರೆ. ಪೋಷಕರ ದೂರು ಬಂದರೆ ಮಕ್ಕಳ ಮುಂದೆಯೇ ಗದರಿಕೆ. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಹುಕುಂ. ಹೀಗಿದ್ದರೆ ಯಾರು ತಾನೇ ನಿಲ್ಲುತ್ತಾರೆ? ಮದರಸಗಳ ಕಥೆಯೂ ಬೇರೆಯಲ್ಲ. ರಮಝಾನ್ ಕಳೆದರೆ ಉಸ್ತಾದರು ಬದಲಾಗುವುದು ಅನೇಕ ಊರುಗಳಲ್ಲಿ ರೂಢಿಯೇ ಆಗಿದೆ.

ನಷ್ಟ ಮಗುವಿಗೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಈ ಮಗು ಎಲ್ಲಿ ತಡವರಿಸುತ್ತದೆ ಎಂದು ತಿಳಿಯಲು ಟೀಚರಿಗೆ ಒಂದು ವರ್ಷ ಬೇಕು. ತಿಳಿಯುವಷ್ಟರಲ್ಲಿ ಅವರು ಹೊರಟಿರುತ್ತಾರೆ.

ಮಾಡಬೇಕಾದ್ದು ದೊಡ್ಡ ಖರ್ಚಿನದ್ದಲ್ಲ. ನೇಮಕಾತಿ ಪತ್ರ ಕೊಡಿ. ತಾರೀಖಿಗೆ ಸರಿಯಾಗಿ, ರಜೆಯಲ್ಲೂ, ಸಂಬಳ ಕೊಡಿ. ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂಬ ಪ್ರವಾದಿ(ಸ)ಯವರ ಪಾಠ ಶಾಲೆಯ ಗೇಟಿನ ಹೊರಗೆ ನಿಲ್ಲುವುದಿಲ್ಲ. ತರಗತಿಯ ವಿಷಯ ಮುಖ್ಯೋಪಾಧ್ಯಾಯರಿಗೆ ಬಿಡಿ. ದೂರಿದ್ದರೆ ಕೋಣೆಯಲ್ಲಿ ಕೂರಿಸಿ ಎರಡೂ ಕಡೆ ಕೇಳಿ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಹಕ್ಕಿದೆ. 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಐದು ವರ್ಷ ತುಂಬುವ ಮೊದಲೇ ಸಾಗಹಾಕುವ ಲೆಕ್ಕಾಚಾರ ಯಾರಲ್ಲಾದರೂ ಇದ್ದರೆ, ಅದು ಅನ್ಯಾಯವೇ.

ಪೋಷಕರ ಪಾಲೂ ಇದೆ. ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಆ ಸಭೆಗೆ ನಮ್ಮ ತಾಯಂದಿರು ಹೋಗಲಿ. ಅತಿಥಿ ಶಿಕ್ಷಕರ ಗೌರವಧನ ತಡವಾದರೆ ಅಲ್ಲೇ ಕೇಳಲಿ.

ಖಾಸಗಿ ಶಾಲೆಯ ಕಮಿಟಿಗಳಿಗೆ ಒಂದೇ ವಿನಂತಿ. ಈ ಸಲದ ವಾರ್ಷಿಕ ವರದಿಯಲ್ಲಿ ಕಟ್ಟಡದ ಲೆಕ್ಕದ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಎಷ್ಟು ಮಂದಿ ಶಿಕ್ಷಕರು ಬಿಟ್ಟರು, ಯಾಕೆ ಬಿಟ್ಟರು. ಕಾರಣವನ್ನು ಹೋದವರ ಬಾಯಿಂದಲೇ ಕೇಳಿ ಬರೆಯಿರಿ.