ಮಂದ್ರದ ತಂತಿ, ಒಂದು ಬೆರಳು



ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ನಡುವೆ ಬರುತ್ತದೆ. ಈ ಮೂರೂ ಊರುಗಳಿಂದ ಈ ಸಲ ನಮಗೆ ಒಂದೊಂದು ಪತ್ರ ಬಂದಿದೆ. ಬರೆದ ಮೂವರಿಗೂ ಪರಸ್ಪರ ಪರಿಚಯವಿಲ್ಲ. ಆದರೆ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಪತ್ರದಲ್ಲಿಯೇ ಉತ್ತರವಿರುವುದು ನಮಗೆ ಕಂಡುಬಂದಿತು. ಆದ್ದರಿಂದ ಈ ತಿಂಗಳ ಅಂಕಣವನ್ನು ಆ ಮೂವರಿಗೆ ಮೀಸಲಿಟ್ಟಿದ್ದೇವೆ.

ಸಿಂಧನೂರಿನ ತಾಯಿಯೊಬ್ಬರು ಬರೆಯುತ್ತಾರೆ: ಪದವಿ ಓದುತ್ತಿರುವ ಮಗ ಬೇಸ್ ಗಿಟಾರ್ ಎಂಬ ವಾದ್ಯವನ್ನು ಕೊಂಡು ತಂದಿದ್ದಾನೆ. ಹಾಡಾದರೂ ಕೇಳಿಸಿದರೆ ಸಮಾಧಾನವಾಗುತ್ತಿತ್ತು, ದಿನವಿಡೀ ಬರಿಯ ‘ಧುಂ ಧುಂ’ ಎನ್ನುವ ಸದ್ದು. ಲಿಂಗಪೂಜೆ ನಡೆಯುವ ಮನೆಯಲ್ಲಿ ಈ ಪರದೇಶದ ವಾದ್ಯ ಸಲ್ಲುವುದೇ? ಲಿಂಗಸುಗೂರಿನ ತರುಣನೊಬ್ಬ ಅದೇ ವಾದ್ಯವನ್ನು ರಸಮಂಜರಿ ತಂಡವೊಂದರಲ್ಲಿ ನುಡಿಸುತ್ತಾನೆ. ಬೆರಳು ಓಡುತ್ತದೆ, ಆದರೆ ಧ್ವನಿಮುದ್ರಿಕೆಗಳಲ್ಲಿ ಕೇಳುವಂಥ ತುಂಬಿದ ನಾದ ತನ್ನ ಕೈಯಿಂದ ಬರುತ್ತಿಲ್ಲ; ಸಾಲ ಮಾಡಿಯಾದರೂ ಹೆಚ್ಚಿನ ಬೆಲೆಯ ವಾದ್ಯ ಕೊಳ್ಳಲೇ ಎಂಬುದು ಅವನ ಪ್ರಶ್ನೆ. ಮಸ್ಕಿಯ ಹಿರಿಯರೊಬ್ಬರು ಭಜನಾ ಮಂಡಳಿಯಲ್ಲಿ ಏಕತಾರಿ ಹಿಡಿದು ಬಂದವರು. ಈಗ ಅವರ ಬೆರಳು ನಡುಗುತ್ತಿದೆ. ಹುಡುಗರು ತಾಳ ಹಿಡಿಯಲು, ದಮ್ಮಡಿ ಬಾರಿಸಲು ಮುಂದೆ ಬರುತ್ತಾರೆ, ಏಕತಾರಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ‘ಒಂದೇ ತಂತಿ, ಅದರಲ್ಲಿ ಕಲಿಯುವುದೇನಿದೆ’ ಎಂದು ಕೇಳುತ್ತಾರಂತೆ.

ಮೊದಲು ತಾಯಿಯವರ ಪ್ರಶ್ನೆ. ತಾಯಿ, ವಾದ್ಯವನ್ನು ಮನೆಯಿಂದ ಹೊರಗಿಟ್ಟ ಪರಂಪರೆ ನಮ್ಮದಲ್ಲ. ಹನ್ನೆರಡನೆಯ ಶತಮಾನದ ಕಿನ್ನರಿ ಬೊಮ್ಮಯ್ಯನವರನ್ನು ನೆನೆಯಿರಿ. ಅಕ್ಕಸಾಲೆ ವೃತ್ತಿಯಲ್ಲಿದ್ದ ಅವರು ಕಲ್ಯಾಣಕ್ಕೆ ಬಂದು, ತ್ರಿಪುರಾಂತಕ ದೇವರ ಸನ್ನಿಧಿಯಲ್ಲಿ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿಸಿಕೊಂಡು, ಅದರಿಂದ ಬಂದುದನ್ನು ಜಂಗಮ ದಾಸೋಹಕ್ಕೆ ಸಲ್ಲಿಸಿದರೆಂದು ಶರಣಚರಿತೆಗಳು ಹೇಳುತ್ತವೆ. ಅವರ ಹೆಸರಿನ ಮುಂದೆ ನಿಂತಿರುವುದು ವಾದ್ಯದ ಹೆಸರೇ. ತನ್ನ ಕಾಯವನ್ನೇ ತಂತಿವಾದ್ಯವಾಗಿಸೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿಕೊಂಡ ವಚನವನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು.

ಪರದೇಶದ ವಾದ್ಯವೆಂಬ ಅಳುಕೂ ಬೇಡ. ಶ್ರಾವಣದ ಪುರಾಣ ಪ್ರವಚನದಲ್ಲಿ ಗವಾಯಿಗಳ ಮುಂದಿರುವ ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದ್ದು. ಪಿಟೀಲು ಯುರೋಪಿನಿಂದ ಬಂದದ್ದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಈ ಎರಡನ್ನೂ ನುಡಿಸಿದರು, ನೂರಾರು ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದರು. ವಾದ್ಯ ಎಲ್ಲಿಂದ ಬಂದಿತೆಂಬುದನ್ನು ನಮ್ಮ ಹಿರಿಯರು ಕೇಳಲಿಲ್ಲ, ಅದು ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದನ್ನಷ್ಟೇ ನೋಡಿದರು.

ಇನ್ನು ‘ಧುಂ ಧುಂ’ ಎಂಬ ಸದ್ದಿನ ವಿಚಾರ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು. ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಅವು ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಅಷ್ಟು ತಗ್ಗಿನ ನಾದ ಕಿವಿಗಿಂತ ಎದೆಗೆ ಹೆಚ್ಚು ತಿಳಿಯುತ್ತದೆ. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಕಹಳೆಯಾಕಾರದ ಧ್ವನಿವರ್ಧಕದಲ್ಲಾಗಲಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಾಗಲಿ ಅದು ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಹಾಗಾಗಿ ಹಾಡಿನ ಕೆಳಗೆ ಇಂಥದೊಂದು ದನಿ ಇರುತ್ತದೆಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದು. ಗವಾಯಿಗಳ ಹಿಂದೆ ಮೊಳಗುವ ತಂಬೂರಿಯ ಖರ್ಜದ ತಂತಿ, ತಬಲಾದ ಎಡಗೈಯ ಡಗ್ಗಾ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹಾಡುವವರಿಗೆ ಸ್ವರದ ನೆಲೆಯನ್ನೂ ಲಯದ ನೆಲೆಯನ್ನೂ ಕೊಡುತ್ತದೆ. ಮಗ ಒಬ್ಬನೇ ಕೋಣೆಯಲ್ಲಿ ನುಡಿಸುವಾಗ ಹಾಡು ಕೇಳಿಸದಿರುವುದು ಸಹಜ. ಹಾಡುವವರೊಡನೆ ಅವನು ಕುಳಿತ ದಿನ ಆ ‘ಧುಂ’ ಏನೆಂಬುದು ತಮಗೆ ತಿಳಿಯುತ್ತದೆ.

ಲಿಂಗಸುಗೂರಿನ ತಮ್ಮನಿಗೆ ಈಗ ನಮ್ಮ ಮಾತು. ಸಾಲ ಮಾಡಬೇಡ. ಈಗಿರುವ ವಾದ್ಯದ ಬಿರಡೆಗಳು ಶ್ರುತಿಯನ್ನು ಹಿಡಿದು ನಿಲ್ಲುತ್ತವೆಯೇ, ತಂತಿಗಳು ಮೆಟ್ಟುಗಳಿಂದ ತೀರ ಎತ್ತರದಲ್ಲಿ ಇಲ್ಲವಷ್ಟೆ ಎಂಬುದನ್ನು ತಿಳಿದವರಿಂದ ಪರೀಕ್ಷಿಸಿಕೊ. ಅವೆರಡು ಸರಿಯಿದ್ದರೆ ನಾದದ ಉಳಿದ ಕೊರತೆ ಬಹುಪಾಲು ಕೈಯಲ್ಲಿದೆ, ಕೈಯನ್ನು ತಿದ್ದಿಕೊಳ್ಳಬಹುದು.

ಬಲಗೈಯಿಂದ ಆರಂಭಿಸೋಣ. ಹೆಬ್ಬೆರಳು ಒಂದೆಡೆ ನೆಲೆಯಾಗಿ ಊರಿರಲಿ. ಬೆರಳ ತುದಿಯ ಮಾಂಸಲ ಭಾಗ ತಂತಿಯನ್ನು ಅಡ್ಡಲಾಗಿ ದಾಟಿ ಪಕ್ಕದ ತಂತಿಯ ಮೇಲೆ ವಿಶ್ರಮಿಸಲಿ. ತಂತಿಯನ್ನು ಮೇಲಕ್ಕೆ ಕಿತ್ತಂತೆ ಎಳೆದರೆ ಅದು ಮೆಟ್ಟುಗಳಿಗೆ ಬಡಿದು ಕಟಕಟ ಎನ್ನುತ್ತದೆ. ಸದ್ದು ಹೆಚ್ಚಿಸುವುದು ವರ್ಧಕ ಯಂತ್ರದ ಕೆಲಸ, ಬೆರಳಿಗೆ ಆ ಭಾರ ಬೇಡ. ಕುದುರೆಯ ಸಮೀಪ ಮೀಟಿದರೆ ನಾದ ಗಡುಸಾಗಿ ಚೂಪಾಗುತ್ತದೆ. ದಂಡಿಯ ಕಡೆಗೆ ಸರಿದಷ್ಟೂ ಮೃದುವಾಗಿ ದುಂಡಾಗುತ್ತದೆ. ಒಂದೇ ಸ್ವರವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಮೀಟುತ್ತ ಹೋಗು. ನಾಲ್ಕು ಬೆರಳ ಅಂತರದಲ್ಲಿ ಎಷ್ಟು ಬಗೆಯ ನಾದಗಳು ಅಡಗಿವೆಯೆಂದು ತಿಳಿಯುತ್ತದೆ. ಹೊಸ ವಾದ್ಯ ಕೊಡುವ ಬದಲಾವಣೆಗಿಂತ ಇದು ದೊಡ್ಡದು.

ಎಡಗೈಯ ಬೆರಳನ್ನು ಮೆಟ್ಟಿನ ಮೇಲೆ ಇಡದೆ, ಎರಡು ಮೆಟ್ಟುಗಳ ನಟ್ಟನಡುವೆಯೂ ಇಡದೆ, ಮೆಟ್ಟಿನ ಹಿಂದೆ ಅದಕ್ಕೆ ಒತ್ತಾಗಿ ಇರಿಸು. ಆಗ ಸ್ವಲ್ಪವೇ ಒತ್ತಿದರೂ ಸ್ವರ ಸ್ಪಷ್ಟವಾಗುತ್ತದೆ. ಮಣಿಕಟ್ಟು ಹೆಚ್ಚು ಬಾಗದಿರಲಿ. ಕುಳಿತಾಗಲೂ ನಿಂತಾಗಲೂ ವಾದ್ಯ ಒಂದೇ ಎತ್ತರದಲ್ಲಿರುವಂತೆ ಪಟ್ಟಿಯನ್ನು ಹೊಂದಿಸಿಕೊ. ಬೆರಳು ಜೋಮು ಹಿಡಿದರೆ, ಮಣಿಕಟ್ಟು ನೋಯತೊಡಗಿದರೆ ಆ ಕ್ಷಣವೇ ನಿಲ್ಲಿಸು. ನೋವು ಮರುಕಳಿಸಿದರೆ ವೈದ್ಯರನ್ನು ಕಾಣು. ನೋವನ್ನು ನುಂಗಿಕೊಂಡು ಮಾಡುವುದು ಸಾಧನೆಯಲ್ಲ.

ಸ್ವರವನ್ನು ಎಲ್ಲಿ ಮುಗಿಸಬೇಕೆಂಬುದನ್ನು ಹೊಸಬರು ಮರೆಯುತ್ತಾರೆ. ಮಂದ್ರದ ನಾದ ಬೇಗ ಅಡಗುವುದಿಲ್ಲ. ಒಂದು ಸ್ವರ ಮುಗಿಯದೆ ಇನ್ನೊಂದು ಬಂದು ಕೂಡಿಕೊಂಡರೆ ಕೆಸರಿನಲ್ಲಿ ನಡೆದಂತಾಗುತ್ತದೆ. ಮೀಟದಿರುವ ತಂತಿಗಳನ್ನು ಎರಡೂ ಕೈಗಳಿಂದ ಹಗುರವಾಗಿ ಮುಟ್ಟಿ ಸುಮ್ಮನಿರಿಸಲು ಕಲಿ. ಮೊಬೈಲಿನಲ್ಲಿ ದೊರೆಯುವ ತಾಳಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಒಂದೊಂದು ಪೆಟ್ಟಿಗೆ ಒಂದೊಂದು ಸ್ವರ ನುಡಿಸು. ಅದು ಹದಕ್ಕೆ ಬಂದ ಮೇಲೆ 40ಕ್ಕೆ ಇಳಿಸು. ನಿಧಾನವಾದಷ್ಟೂ ಲಯ ಹಿಡಿಯುವುದು ಕಠಿಣವೆಂಬುದು ಆಗ ತಿಳಿಯುತ್ತದೆ. ವಾರಕ್ಕೊಮ್ಮೆ ನಿನ್ನ ನುಡಿಸಾಣಿಕೆಯನ್ನು ಮುದ್ರಿಸಿಕೊಂಡು ಮರುದಿನ ಕೇಳು. ನುಡಿಸುವಾಗ ಕಿವಿ ನಮ್ಮ ಪಕ್ಷ ವಹಿಸುತ್ತದೆ, ಮರುದಿನ ನ್ಯಾಯ ಹೇಳುತ್ತದೆ.

ಜೇಮ್ಸ್ ಜೇಮರ್ಸನ್ (1936–1983) ಎಂಬ ಅಮೆರಿಕೆಯ ಕಲಾವಿದರ ಹೆಸರನ್ನು ನೀನು ಕೇಳಿರಬಹುದು. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಎಷ್ಟೋ ಜನಪ್ರಿಯ ಹಾಡುಗಳಲ್ಲಿ ಬೇಸ್ ನುಡಿಸಿದವರು ಅವರೇ. ಬಹುತೇಕರು ತೋರುಬೆರಳು ಮತ್ತು ನಡುಬೆರಳನ್ನು ಸರದಿಯಂತೆ ಬಳಸುವಾಗ ಅವರು ತಂತಿಯನ್ನು ಮೀಟಲು ತೋರುಬೆರಳೊಂದನ್ನೇ ಬಳಸುತ್ತಿದ್ದರು. ತಂತಿಗಳನ್ನು ಬದಲಾಯಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಹಳೆಯ ತಂತಿ, ಒಂದು ಬೆರಳು. ಆದರೂ ಬೇಸ್ ನುಡಿಸುವವರೆಲ್ಲ ಇಂದಿಗೂ ಅವರ ನಾದವನ್ನು ಕಿವಿಗೊಟ್ಟು ಕೇಳುತ್ತಾರೆ.

ನಿನ್ನದೇ ಆದ ನಾದ ಯಾವಾಗ ಬರುತ್ತದೆಂದು ಕೇಳಿದ್ದೀಯೆ. ನಮ್ಮ ರಾಯಚೂರು ಜಿಲ್ಲೆಯವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರನ್ನೂ ಪಂಡಿತ ಮಲ್ಲಿಕಾರ್ಜುನ ಮನಸೂರರನ್ನೂ (1910–1992) ಕೇಳಿ ನೋಡು. ಇಬ್ಬರೂ ವಚನಗಳನ್ನು ಹಾಡಿದವರು. ಹೆಸರು ಹೇಳದಿದ್ದರೂ ಇದು ಯಾರ ಕಂಠವೆಂದು ನಮ್ಮ ಮನೆಗಳ ಹಿರಿಯರು ಗುರುತಿಸುತ್ತಾರೆ. ಮನಸೂರರು ಮೊದಲು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಆಗಲೇ ಹೆಸರು ಮಾಡಿದ್ದರೂ ಮತ್ತೆ ಶಿಷ್ಯರಾಗಿ ಮಂಜೀಖಾನ್, ಬುರ್ಜೀಖಾನ್ ಅವರ ಮುಂದೆ ಕುಳಿತು ಜಯಪುರ ಘರಾಣೆಯ ವಿದ್ಯೆ ಪಡೆದರು. ಬೇರೆಯಾಗಿ ಕೇಳಿಸಬೇಕೆಂದು ಹೊರಟವರು ಹೀಗೆ ಎರಡನೆಯ ಬಾರಿ ವಿದ್ಯಾರ್ಥಿಯಾಗುವುದಿಲ್ಲ. ಗುರು ಕೊಟ್ಟದ್ದನ್ನು ನಿಷ್ಠೆಯಿಂದ ನುಡಿಸುತ್ತ ಹೋದರೆ ನಿನ್ನ ಬೆರಳಿನ ತೂಕ, ನಿನ್ನ ಉಸಿರಿನ ಗತಿ, ನೀನು ಕೇಳಿ ಬೆಳೆದ ಹಾಡು ಇವೆಲ್ಲ ತಾವಾಗಿ ತಂತಿಗೆ ಇಳಿಯುತ್ತವೆ. ಅದೇ ನಿನ್ನ ನಾದ.

ಆ ಗುರು ಎಲ್ಲಿ ಸಿಗುವರು? ಮಸ್ಕಿಯಲ್ಲಿ ಒಬ್ಬರಿದ್ದಾರೆ ಎಂದರೆ ನಿನಗೆ ಆಶ್ಚರ್ಯವಾಗಬಹುದು.

ಮಸ್ಕಿಯ ಹಿರಿಯರೇ, ‘ಕಲಿಯುವುದೇನಿದೆ’ ಎಂದ ಹುಡುಗರ ಮೇಲೆ ಬೇಸರಿಸಬೇಡಿ. ಕಲಿಯುವುದೇನಿದೆ ಎಂಬುದನ್ನು ಅವರಿಗೆ ಯಾರೂ ತೋರಿಸಿಲ್ಲ. ಏಕತಾರಿಯಲ್ಲಿ ತಪ್ಪನ್ನು ಮುಚ್ಚಿಕೊಳ್ಳಲು ಎರಡನೆಯ ತಂತಿಯಿಲ್ಲ, ಓಡಿಹೋಗಲು ಇನ್ನೊಂದು ಸ್ವರವಿಲ್ಲ. ತೋರುಬೆರಳ ಪ್ರತಿಯೊಂದು ಮೀಟೂ ಹಿಂದಿನದರಷ್ಟೇ ತೂಕದ್ದಾಗಿರಬೇಕು. ತತ್ವಪದ ಹಾಡುವವರ ಗತಿ ಏರಿದಾಗ ತಾನು ಹರಿದುಹೋಗದೆ, ಇಳಿದಾಗ ತೂಕಡಿಸದೆ, ನಡುರಾತ್ರಿಯವರೆಗೂ ಹಾಗೆಯೇ ಇರಬೇಕು. ತಾವು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಇದೇ. ಲಿಂಗಸುಗೂರಿನ ತರುಣನಿಗೆ ಬೇಕಾಗಿರುವುದೂ, ಸಿಂಧನೂರಿನ ಹುಡುಗ ಕೋಣೆಯಲ್ಲಿ ಒಬ್ಬನೇ ಕುಳಿತು ಹುಡುಕುತ್ತಿರುವುದೂ ಇದೇ.

ಆದ್ದರಿಂದ ನಮ್ಮ ಸಲಹೆಯಿಷ್ಟು. ಭಜನೆಯ ರಾತ್ರಿಗಳಂದು ಈ ಇಬ್ಬರೂ ಮಸ್ಕಿಗೆ ಹೋಗಿ ಆ ಅಜ್ಜನವರ ಪಕ್ಕದಲ್ಲಿ ಕುಳಿತುಕೊಳ್ಳಲಿ. ಮೊದಲ ಕೆಲವು ವಾರ ತಮ್ಮ ವಾದ್ಯವನ್ನು ಮನೆಯಲ್ಲಿಯೇ ಬಿಟ್ಟು ಏಕತಾರಿಯನ್ನಷ್ಟೇ ಹಿಡಿಯಲಿ. ಆಮೇಲೆ ಬೇಸ್ ಗಿಟಾರಿನ ಒಂದು ತಂತಿಯನ್ನು ಏಕತಾರಿಯ ಶ್ರುತಿಗೆ ಕಿವಿಯಿಂದಲೇ ಕೂಡಿಸಲು ಯತ್ನಿಸಲಿ. ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ಬೇರೆಯಾಗಿದ್ದರೂ ನಾದದಲ್ಲಿ ಅಲೆಯೆದ್ದಂತೆ ಏರಿಳಿತ ಕೇಳುತ್ತದೆ. ಶ್ರುತಿ ಹತ್ತಿರವಾದಂತೆ ಅಲೆ ನಿಧಾನವಾಗುತ್ತದೆ, ಕೂಡಿದಾಗ ಅಡಗಿ ಒಂದೇ ನಾದವಾಗುತ್ತದೆ. ಆ ಅಡಗುವಿಕೆಯನ್ನು ಕಿವಿ ಒಮ್ಮೆ ಹಿಡಿಯಿತೆಂದರೆ ಆ ಹುಡುಗರು ಮುಂದೆ ಎಲ್ಲಿ ನುಡಿಸಿದರೂ ಅದು ಅವರ ಜೊತೆಗಿರುತ್ತದೆ. ಅಜ್ಜನವರಿಗೆ ಏಕತಾರಿಯನ್ನು ಒಪ್ಪಿಸಲು ಎರಡು ಕೈಗಳು ಸಿಕ್ಕಂತೆಯೂ ಆಗುತ್ತದೆ. ಅವರ ಬೆರಳು ಇನ್ನೂ ಮೀಟುತ್ತಿರುವಾಗಲೇ ಇದು ಆಗಬೇಕು, ಏಕೆಂದರೆ ಈ ವಿದ್ಯೆ ಪುಸ್ತಕದಲ್ಲಿ ಉಳಿಯುವಂಥದಲ್ಲ.

ಕೊನೆಗೆ ಸಮಾಜಕ್ಕೆ ಒಂದು ಮಾತು. ಮಸ್ಕಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂದುದು ನಮ್ಮೆಲ್ಲರಿಗೂ ತಿಳಿದಿದೆ. ದೇವಾನಾಂಪ್ರಿಯನೆಂಬ ಬಿರುದು ನಾಡಿನ ಎಷ್ಟೋ ಬಂಡೆಗಳ ಮೇಲಿತ್ತು. ಆ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಮಸ್ಕಿಯಲ್ಲಿ ಸಿಕ್ಕಿದ್ದರಿಂದ ಆ ಶಾಸನಗಳೆಲ್ಲ ಯಾರವೆಂಬುದು ಖಚಿತವಾಯಿತು. ಜೇಮರ್ಸನ್ ಅವರ ಹೆಸರಂತೂ ಅಷ್ಟೊಂದು ಹಾಡುಗಳಿಗೆ ನುಡಿಸಿದ ಮೇಲೆ, 1971ರಲ್ಲಿ, ಮೋಟೌನಿನ ಧ್ವನಿಮುದ್ರಿಕೆಯೊಂದರ ಹೊದಿಕೆಯ ಮೇಲೆ ಅಚ್ಚಾಯಿತು. ನಮ್ಮ ಪುರಾಣ ಪ್ರವಚನದ ಆಮಂತ್ರಣ ಪತ್ರಿಕೆಗಳನ್ನು ತೆರೆದು ನೋಡಿರಿ. ಪ್ರವಚನ ಸೇವೆ, ಸಂಗೀತ ಸೇವೆ, ತಬಲಾ ಸೇವೆ, ಪ್ರಸಾದ ಸೇವೆ ಎಲ್ಲಕ್ಕೂ ಹೆಸರುಗಳಿರುತ್ತವೆ. ತಂಬೂರಿಯನ್ನೋ ಏಕತಾರಿಯನ್ನೋ ಹಿಡಿದು ಹಿಂದೆ ಕುಳಿತವರ ಹೆಸರನ್ನು ನಾವು ಕಂಡದ್ದು ಅಪರೂಪ. ಅವರು ಅದನ್ನು ಬಯಸುವುದಿಲ್ಲ, ಅದು ಅವರ ದಾಸೋಹ ಭಾವ. ಆದರೆ ಹೆಸರೇ ಕಾಣದ ಸೇವೆಗೆ ಮಕ್ಕಳು ಮುಂದೆ ಬರುತ್ತಿಲ್ಲವೆಂದು ಕೊರಗುವ ಹಕ್ಕು ನಮಗೆ ಎಲ್ಲಿಯದು?

ಬರುವ ಶ್ರಾವಣದ ಆಮಂತ್ರಣವನ್ನು ಅಚ್ಚಿಗೆ ಕೊಡುವ ಮುನ್ನ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಬಂಧುಗಳು ಅದರಲ್ಲಿ ‘ಶ್ರುತಿ ಸೇವೆ’ ಎಂಬ ಒಂದು ಸಾಲನ್ನು ಸೇರಿಸಲಿ, ಅದರ ಎದುರು ಒಬ್ಬ ಹಿರಿಯರ ಹೆಸರನ್ನೂ ಒಬ್ಬ ಕಿರಿಯನ ಹೆಸರನ್ನೂ ಬರೆಯಲಿ ಎಂದು ವಿನಂತಿಸುತ್ತೇವೆ.